ಹಡಗಿಗೂ ಎಫ್‌ಸಿ ಇದೆ

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ತಿಪಟೂರು ಮಾರ್ಕೆಟ್‌ಗೆ ಬರುವ ಉಂಡೆ ಕೊಬ್ಬರಿ ಲಾರಿ ಹತ್ತಿ ಉತ್ತರ ಭಾರತಕ್ಕೆ ಹೋಗುತ್ತೆ. ಆ ಲಾರಿಗೆ ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್ ಎಲ್ಲ ಇರಬೇಕು. "ಸಮುದ್ರದಲ್ಲಿ ಯಾವ ಆರ್‌ಟಿಓ ನಿಂತಿರ್ತಾನಪ್ಪ?" ಅಂತ ನಮ್ಮ ಮಾವ ಕೇಳಿದ್ರು.

ಅವರು ಕೇಳಿದ್ದಕ್ಕೆ ಕಾರಣ ತೆಂಗಿನಕಾಯಿ. 2025ರ ಮೇ 25ರಂದು ಕೊಚ್ಚಿ ಬಳಿ ಮುಳುಗಿದ ಎಂಎಸ್‌ಸಿ ಎಲ್ಸಾ-3 ಹಡಗಿನಲ್ಲಿದ್ದ 640 ಕಂಟೇನರ್‌ಗಳ ಪೈಕಿ ಕೆಲವದರಲ್ಲಿ ತೆಂಗಿನಕಾಯಿ, ಗೋಡಂಬಿ ಇತ್ತು. ಅದು ಹೋದರೆ ಹೋಗಲಿ. ಜೊತೆಗೆ 360 ಟನ್ನಿಗೂ ಹೆಚ್ಚು ಫರ್ನೇಸ್ ಎಣ್ಣೆ, ನೀರು ತಾಗಿದರೆ ಹೊತ್ತಿಕೊಳ್ಳುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್, ಆಮೇಲೆ ಕೇರಳದ ದಡಕ್ಕೆ ರಾಶಿರಾಶಿಯಾಗಿ ಬಂದು ಬಿದ್ದ ಸಣ್ಣ ಪ್ಲಾಸ್ಟಿಕ್ ಕಾಳುಗಳೂ ಇದ್ದವು.

ಮಾವನ ಪ್ರಶ್ನೆಗೆ ಉತ್ತರ ಮುಂಬೈಯಲ್ಲಿದೆ. 1949ರಲ್ಲಿ ಶುರುವಾದ ನೌಕಾಯಾನ ಮಹಾನಿರ್ದೇಶನಾಲಯ, ಬಾಯಿಮಾತಲ್ಲಿ ಡಿಜಿ ಶಿಪ್ಪಿಂಗ್. ಎಲ್ಸಾ ಲೈಬೀರಿಯಾ ಬಾವುಟದ ಹಡಗು, ಅಂದರೆ ಅದರ ನೋಂದಣಿ ಅಲ್ಲಿಯದು. ಹಾಗಂತ ನಮ್ಮವರು ಕೈಕಟ್ಟಿ ಕೂರಬೇಕಿಲ್ಲ. ವಿದೇಶಿ ಹಡಗು ನಮ್ಮ ಬಂದರಿಗೆ ಬಂದರೆ ಸರ್ವೇಯರ್‌ಗಳು ಹತ್ತಿ ತಪಾಸಣೆ ಮಾಡಬಹುದು. ಲೈಫ್‌ಬೋಟ್ ಇಳಿಯುತ್ತಾ, ಬೆಂಕಿ ಆರಿಸುವ ಪಂಪ್ ಓಡುತ್ತಾ ಅಂತ ನೋಡ್ತಾರೆ. ಎಂಜಿನ್ ಕೋಣೆಯ ತಳದಲ್ಲಿ ಎಣ್ಣೆ ಬೆರೆತ ನೀರು ನಿಲ್ಲುತ್ತೆ. ಅದನ್ನು ಶೋಧಿಸಿ, ಹತ್ತು ಲಕ್ಷ ಭಾಗದಲ್ಲಿ ಎಣ್ಣೆ 15 ಭಾಗ ಮೀರದಿದ್ದರೆ ಮಾತ್ರ ಸಮುದ್ರಕ್ಕೆ ಬಿಡಬಹುದು. ಪ್ರತಿ ಸಲವೂ ಎಣ್ಣೆ ಪುಸ್ತಕದಲ್ಲಿ ಬರೆದಿಡಬೇಕು. ನಾವು ಸಾಫ್ಟ್‌ವೇರ್‌ನವರು ಲಾಗ್ ಅಂತೀವಲ್ಲ, ಆ ಪದವೇ ಹಡಗಿನಿಂದ ಬಂದದ್ದು. ಪುಸ್ತಕದ ಲೆಕ್ಕಕ್ಕೂ ಟ್ಯಾಂಕಿನ ಮಟ್ಟಕ್ಕೂ ತಾಳೆ ಆಗದಿದ್ದರೆ ಕದ್ದು ಸುರಿದಿರುವ ಅನುಮಾನ ಬರುತ್ತೆ.

ದೊಡ್ಡ ದೋಷ ಸಿಕ್ಕಿದರೆ ರಿಪೇರಿ ಆಗೋವರೆಗೆ ಹಡಗು ಬಂದರು ಬಿಡುವ ಹಾಗಿಲ್ಲ. ನನಗೆ ಕಂಡಂತೆ ಇದೇ ಅವರ ನಿಜವಾದ ಅಸ್ತ್ರ. ನಿಂತ ಹಡಗು ಮಾಲೀಕನಿಗೆ ದಿನದಿನವೂ ನಷ್ಟ.

ಹಡಗು ಮುಳುಗಿದ ಮೇಲೆ ಆಗೋದು ಬರೀ ಪರದಾಟ. 2022ರ ಜೂನ್‌ನಲ್ಲಿ ನಮ್ಮ ಉಳ್ಳಾಲದ ಹತ್ತಿರವೇ ಪ್ರಿನ್ಸೆಸ್ ಮಿರಾಲ್ ಮುಳುಗಿತು. ಚೀನಾದಿಂದ ಲೆಬನಾನ್‌ಗೆ ಸುಮಾರು 8,000 ಟನ್ ಸ್ಟೀಲ್ ಕಾಯಿಲ್ ಹೊತ್ತಿದ್ದ ಹಡಗು. ಸಿರಿಯಾದ 15 ನಾವಿಕರನ್ನು ಕೋಸ್ಟ್ ಗಾರ್ಡ್ ಕಾಪಾಡಿತು. ಆದರೆ ಹೊಟ್ಟೆಯಲ್ಲಿ ಎಣ್ಣೆ ಇಟ್ಟುಕೊಂಡು ಹಡಗು ಅಲ್ಲೇ ಉಳಿಯಿತು, ಅದೂ ಮಳೆಗಾಲದಲ್ಲಿ. ಎಣ್ಣೆ ಸೋರಿದರೆ ಅದನ್ನು ತಡೆಯುವ ಹೊಣೆ ಕೋಸ್ಟ್ ಗಾರ್ಡ್‌ದು. ಹಡಗು ಎತ್ತುವ ಖರ್ಚು ಮಾಲೀಕನದು. ಅದಕ್ಕೇ 300 ಟನ್‌ ಮತ್ತು ಅದಕ್ಕಿಂತ ದೊಡ್ಡ ಹಡಗುಗಳಿಗೆ ಅವಶೇಷ ತೆರವಿನ ವಿಮೆ ಇರಬೇಕು ಅಂತ 2007ರ ನೈರೋಬಿ ಒಪ್ಪಂದ ಹೇಳುತ್ತೆ. ಭಾರತ ಅದಕ್ಕೆ 2011ರಲ್ಲೇ ಸೇರಿದೆ.

ಎಲ್ಸಾ ವಿಷಯದಲ್ಲಿ ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟ್‌ಗೆ ಹೋಯಿತು. 2025ರ ಜುಲೈನಲ್ಲಿ ಕೋರ್ಟು ಅದೇ ಕಂಪನಿಯ ಇನ್ನೊಂದು ಹಡಗನ್ನು ವಿಳಿಂಜಂ ಬಂದರಿನಲ್ಲೇ ಹಿಡಿದಿಡಲು ಆದೇಶಿಸಿತು. ಒಂದು ಲಾರಿ ಮಾಡಿದ ಹಾನಿಗೆ ಮಾಲೀಕನ ಇನ್ನೊಂದು ಲಾರಿಗೆ ಬೀಗ ಹಾಕಿದ ಹಾಗೆ.