ರೈಫಲ್ ಸ್ಕೋಪ್: ಅಸಲಿ ಮತ್ತು ನಕಲಿ

ರೈಫಲ್ ಸ್ಕೋಪ್ ಎಂಬುದು ಕೋವಿಯ ಮೇಲೆ ಅಳವಡಿಸುವ, ಗುರಿಯನ್ನು ಹಿಗ್ಗಿಸಿ ತೋರುವ ಪುಟ್ಟ ದೂರದರ್ಶಕ. ಹೆಸರಾಂತ ಕಂಪನಿಗಳ ಸ್ಕೋಪ್‌ಗಳನ್ನು ಹೋಲುವ ಅಗ್ಗದ ನಕಲುಗಳೂ ಮಾರಾಟವಾಗುತ್ತವೆ. ಅಂಗಡಿಯಲ್ಲಿ ಕಣ್ಣಿಟ್ಟು ನೋಡಿದರೆ ಅಂತರ ಕಾಣದು. ತಿಳಿಯುವುದು ಗುಂಡು ಹಾರಿಸಿದ ಮೇಲೆ. ಕೋವಿ ಹಿಂದಕ್ಕೆ ಒದೆಯುವ ರಭಸಕ್ಕೆ ದುರ್ಬಲ ಸ್ಕೋಪಿನೊಳಗಿನ ಅಡ್ಡಗೆರೆಗಳು ಸರಿದು, ಹೊಂದಿಸಿದ ಗುರಿ ತಪ್ಪುತ್ತದೆ. ಸ್ಪ್ರಿಂಗ್ ಏರ್‌ಗನ್ ಸಾಧುವೆಂದು ಭಾವಿಸುವವರುಂಟು; ಅದು ಹಿಂದಕ್ಕೂ ಮುಂದಕ್ಕೂ ಜಗ್ಗುವುದರಿಂದ ಸ್ಕೋಪಿಗೆ ಇನ್ನಷ್ಟು ಪೆಟ್ಟು.

ಉತ್ತಮ ಸ್ಕೋಪಿನಲ್ಲಿ ನೈಟ್ರೋಜನ್ ಅನಿಲ ತುಂಬಿ ಭದ್ರವಾಗಿ ಮುಚ್ಚಿರುವುದರಿಂದ ಮಸೂರದ ಒಳಬದಿಗೆ ಮಂಜು ಕಟ್ಟದು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುವ ಕೊಡಗು ಮಳೆಯ ನಾಡು. ಅಲ್ಲಿ ಇದು ಸಣ್ಣ ಮಾತಲ್ಲ.

10 ಮೀಟರ್ ಏರ್ ರೈಫಲ್ ಸ್ಪರ್ಧೆಗೆ ಸಿದ್ಧರಾಗುವ ಮಕ್ಕಳಿಗಂತೂ ಎರಡೂ ಬೇಡ. ಒಲಿಂಪಿಕ್ ನಿಯಮದಂತೆ ಅಲ್ಲಿ ಹಿಗ್ಗಿಸುವ ಸ್ಕೋಪ್ ನಿಷಿದ್ಧ. ಸಣ್ಣ ರಂಧ್ರದ ಪೀಪ್ ಸೈಟ್ ಮೂಲಕವೇ ಗುರಿಯಿಡಬೇಕು.