ತೆನೆಯ ಸಾಲು, ತಪ್ಪಿದ ಲೆಕ್ಕ

503ರಲ್ಲಿ 268 ಕಳೆದರೆ ಎಷ್ಟು? ನಾಲ್ಕನೇ ತರಗತಿಯ ಮಗು ಸ್ಲೇಟಿನ ಮೇಲೆ 365 ಎಂದು ಬರೆದು ತಂದು ತೋರಿಸುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರಾದರೆ ಅಡ್ಡಗೀಟು ಹಾಕಿ, ಪಕ್ಕದಲ್ಲಿ 235 ಎಂದು ಬರೆದು, ‘ಗಮನ ಇಟ್ಟು ಮಾಡು’ ಎಂದು ಕಳಿಸಿಬಿಡುತ್ತಾರೆ. ಹತ್ತಿಪ್ಪತ್ತು ವರ್ಷ ಬಳಪದ ಪುಡಿ ಕುಡಿದವರು ಸ್ಲೇಟನ್ನು ಇನ್ನೊಂದು ಗಳಿಗೆ ಕೈಯಲ್ಲೇ ಹಿಡಿದಿರುತ್ತಾರೆ. ಐದರಲ್ಲಿ ಎರಡು ಹೋದರೆ ಮೂರು, ಸರಿ. ಸೊನ್ನೆಯಲ್ಲಿ ಆರು ಹೋಗದು, ಅದಕ್ಕೆ ಆರರಲ್ಲಿ ಸೊನ್ನೆ ಕಳೆದಿದೆ. ಮೂರರಲ್ಲಿ ಎಂಟು ಹೋಗದು, ಅದಕ್ಕೆ ಎಂಟರಲ್ಲಿ ಮೂರು ಕಳೆದಿದೆ. ಮಗು ಗಮನವಿಟ್ಟೇ ಮಾಡಿದೆ. ‘ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು’ ಎಂದು ಒಂದನೇ ತರಗತಿಯಲ್ಲಿ ಕೇಳಿದ ಮಾತನ್ನು ಒಂದೊಂದು ಮನೆಯಲ್ಲೂ ಚಾಚೂ ತಪ್ಪದೆ ಪಾಲಿಸಿದೆ, ಅಷ್ಟೆ.

ಹೀಗಿರುವಾಗ ಇಂಥವೇ ಇನ್ನೂ ಹತ್ತು ಲೆಕ್ಕ ಕೊಟ್ಟರೆ ಹತ್ತೂ ಹೀಗೇ ತಪ್ಪುತ್ತವೆ. ಕಡ್ಡಿಯ ಕಟ್ಟು ತರಬೇಕು, ನೂರರ ಕಟ್ಟನ್ನು ಬಿಚ್ಚಿ ಹತ್ತರ ಕಟ್ಟು ಮಾಡಬೇಕು, ಹತ್ತರದ್ದನ್ನು ಬಿಚ್ಚಿ ಬಿಡಿ ಮಾಡಬೇಕು. ತಪ್ಪು ಉತ್ತರವೊಂದು ನಾಳೆಯ ಪಾಠ ಏನಾಗಿರಬೇಕೆಂದು ಹೇಳಿಕೊಟ್ಟಿತು. ಅನುಭವಿ ಶಿಕ್ಷಕರ ಮೌಲ್ಯಮಾಪನವೆಂದರೆ ಬಹುಪಾಲು ಇದೇ. ಅದಕ್ಕೆ ಅಂಕವಿಲ್ಲ, ವೇಳಾಪಟ್ಟಿ ಇಲ್ಲ, ತಪಾಸಣೆಗೆ ಬಂದವರಿಗೆ ತೋರಿಸಲು ಕಡತವೂ ಇಲ್ಲ.

ಶಿವಮೊಗ್ಗದಿಂದ ಶಿಕಾರಿಪುರದ ಕಡೆಗೆ ಹೊರಟ ಬಸ್ಸು ಸವಳಂಗಕ್ಕೆ ಬರುವಾಗ ರಸ್ತೆಯೊಂದು ಕವಲೊಡೆದು ನ್ಯಾಮತಿ, ಹೊನ್ನಾಳಿಗಳತ್ತ ಹೊರಡುತ್ತದೆ. 1997ರವರೆಗೆ ಇದು ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಹೊನ್ನಾಳಿ ತಾಲ್ಲೂಕಿನಲ್ಲಿದ್ದ ಸವಳಂಗ ಈಗ ನ್ಯಾಮತಿ ತಾಲ್ಲೂಕಿನದು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಬಂಜಾರರು ನಡೆದುಕೊಳ್ಳುವ ಸೂರಗೊಂಡನಕೊಪ್ಪವೂ ಇದೇ ತಾಲ್ಲೂಕಿನಲ್ಲಿದೆ. ಮೆಕ್ಕೆಜೋಳದ ಹೊಲಗಳ ನಡುವೆ ತಾಂಡಾಗಳಿವೆ, ತಾಂಡಾದ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಮೌಲ್ಯಮಾಪನದ ಮೊದಲ ತೊಡಕು ಇಲ್ಲೇ.

ಒಂದನೇ ತರಗತಿಯ ಚಿತ್ರಪಟದಲ್ಲಿ ರೊಟ್ಟಿಯ ಚಿತ್ರವಿದೆ ಎಂದುಕೊಳ್ಳಿ. ‘ಇದೇನು?’ ಎಂದರೆ ಲಂಬಾಣಿ ಮನೆಯ ಮಗು ‘ಬಾಟಿ’ ಎನ್ನುತ್ತದೆ. ನೀರಿನ ಚಿತ್ರಕ್ಕೆ ‘ಪಾಣಿ’, ಅಮ್ಮನ ಚಿತ್ರಕ್ಕೆ ‘ಯಾಡಿ’. ನಮೂನೆಯ ಪ್ರಕಾರ ಮೂರೂ ತಪ್ಪು. ಆದರೆ ಪರೀಕ್ಷೆಗೆ ಒಳಗಾಗಿದ್ದು ಏನು, ಚಿತ್ರವನ್ನು ಗುರುತಿಸುವ ಬುದ್ಧಿಯೋ ಕನ್ನಡದ ಪದವೋ? ಇವೆರಡನ್ನು ಬೇರೆ ಮಾಡಿ ನೋಡದವರು ಚುರುಕಾದ ಮಗುವಿಗೆ ಮೊದಲ ತಿಂಗಳಲ್ಲೇ ‘ಹಿಂದುಳಿದದ್ದು’ ಎಂಬ ಹಣೆಪಟ್ಟಿ ಅಂಟಿಸಿಬಿಡುತ್ತಾರೆ. ತಾಂಡಾ ಶಾಲೆಗಳಲ್ಲಿ ನುರಿತವರು ಅಷ್ಟಿಷ್ಟು ಲಂಬಾಣಿ ಕಲಿತಿರುತ್ತಾರೆ. ಬಾಟಿಯನ್ನು ಸರಿ ಎಂದು ಒಪ್ಪಿಕೊಂಡು, ‘ಕನ್ನಡದಾಗೆ ಇದಕ್ಕೆ ರೊಟ್ಟಿ ಅಂತಾರೆ’ ಎಂದು ಎರಡನೆಯ ಪದವನ್ನು ಕೈಗಿಡುತ್ತಾರೆ. ಕಬ್ಬು ಕಡಿಯಲೆಂದೋ ಕಾಫಿ ತೋಟಕ್ಕೆಂದೋ ಅಪ್ಪ ಅಮ್ಮನ ಜೊತೆ ಹೋಗಿ, ಒಂದೆರಡು ತಿಂಗಳ ಮೇಲೆ ಮರಳಿ ಬರುವ ಮಕ್ಕಳದ್ದು ಇನ್ನೊಂದು ಕತೆ. ತರಗತಿ ಎಲ್ಲಿಗೆ ಬಂದಿದೆ ಎಂಬುದರಿಂದ ಅವರಿಗೆ ಉಪಯೋಗವಿಲ್ಲ. ಅವರು ಎಲ್ಲಿಗೆ ನಿಲ್ಲಿಸಿದ್ದರು ಎಂಬುದೇ ಮುಖ್ಯ.

ಇದಕ್ಕೆ ಕರ್ನಾಟಕದ ಶಿಕ್ಷಕರೇ ಕಂಡುಕೊಂಡ ಉತ್ತರವೊಂದಿದೆ, ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಕೂತು ಕಾರ್ಡುಗಳನ್ನು ಬರೆದರು. 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಅದು ಹಬ್ಬಿತು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ತಟ್ಟೆಗಳೆಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಮೊದಲ ತಟ್ಟೆಯಲ್ಲಿ ಪೂರ್ತಿ ಶಿಕ್ಷಕರ ನೆರವು, ಎರಡನೆಯದರಲ್ಲಿ ಅರ್ಧ ನೆರವು, ಆಮೇಲಿನ ಎರಡರಲ್ಲಿ ಜೊತೆಯ ಮಕ್ಕಳ ನೆರವು, ಐದನೆಯದರಲ್ಲಿ ತಾನೇ. ಗೋಡೆಯ ಮೇಲೆ ಕಲಿಕಾ ಏಣಿ. ಅದರ ಒಂದೊಂದು ಮೆಟ್ಟಿಲಿಗೂ ಒಂದು ಕಾರ್ಡು.

ಮೌಲ್ಯಮಾಪನದ ಕಾರ್ಡೂ ಆ ಏಣಿಯಲ್ಲೇ ಇದೆ. ದಿನಾಂಕ ಸಾರಿ, ಬೆಂಚು ದೂರ ದೂರ ಹಾಕಿ ನಡೆಸುವ ಪರೀಕ್ಷೆ ಅದಲ್ಲ. ಮಗು ಆ ಮೆಟ್ಟಿಲಿಗೆ ಬಂದಾಗ ಅದೂ ಇನ್ನೊಂದು ಕಾರ್ಡಿನಂತೆ ಕೈಗೆ ಬರುತ್ತದೆ. ಬಂತೇ, ಮುಂದಕ್ಕೆ. ಬರಲಿಲ್ಲವೇ, ಮತ್ತೆ ಅಭ್ಯಾಸದ ಕಾರ್ಡಿಗೆ. ಎಲ್ಲಿ ಮುಟ್ಟಿದೆ ಎಂಬುದನ್ನು ಗೋಡೆಯ ‘ಪ್ರಗತಿ ನೋಟ’ದಲ್ಲಿ ಗುರುತು ಹಾಕುತ್ತಾರೆ. ಕಬ್ಬಿನ ಗದ್ದೆಯಿಂದ ಮರಳಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು.

ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಸಾಲಾಗಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದರಿಂದಲೇ ಸರ, ಅರಸ, ಗರಗಸ ಎಂಬ ಪದಗಳು ಹುಟ್ಟಿಬಿಡುತ್ತವೆ. ಇಲ್ಲೊಂದು ಮೋಸವೂ ಇದೆ. ಗರಗಸದ ಚಿತ್ರದ ಕೆಳಗೆ ಬರೆದ ಪದವನ್ನು ಮಗು ಓದುತ್ತಿದೆಯೋ, ಚಿತ್ರ ನೋಡಿ ಹೇಳುತ್ತಿದೆಯೋ? ಹಳಬರಿಗೆ ಇದನ್ನು ಹಿಡಿಯುವ ಉಪಾಯ ಗೊತ್ತು. ಚಿತ್ರವನ್ನು ಅಂಗೈಯಲ್ಲಿ ಮುಚ್ಚುತ್ತಾರೆ. ಅದಕ್ಕೂ ಮಣಿಯದಿದ್ದರೆ ಅರ್ಥವೇ ಇಲ್ಲದ ‘ಸಗರದ’, ‘ದಗಸ’ ಎಂಬಂಥವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಬಾಯಿಪಾಠದ ಮಗು ತಡವರಿಸುತ್ತದೆ. ಅಕ್ಷರ ಬಲ್ಲ ಮಗು ಓದಿ ಕಿಸಕ್ಕನೆ ನಗುತ್ತದೆ. ಆ ನಗು ಕೇಳಿದರೆ ಸಾಕು, ಬೇರೆ ಪ್ರಶ್ನೆ ಬೇಡ.

ಮೇಲಿನ ತರಗತಿಗಳಿಗೆ ಹೋದಂತೆ ತಟ್ಟೆಯೂ ಇಲ್ಲ, ಏಣಿಯೂ ಇಲ್ಲ. ನಲವತ್ತು ಮಕ್ಕಳ ಮುಂದೆ ಮೇಷ್ಟ್ರು ಪಾಠ ಮುಗಿಸಿ ‘ಅರ್ಥ ಆಯ್ತಾ?’ ಎನ್ನುತ್ತಾರೆ. ‘ಆಯ್ತು ಸಾರ್!’ ಎಂದು ಇಡೀ ತರಗತಿ ಒಕ್ಕೊರಲಿನಿಂದ ಕೂಗುತ್ತದೆ. ಕನ್ನಡ ಶಾಲೆಗಳಲ್ಲಿ ಇದಕ್ಕಿಂತ ಹಳೆಯ ಸುಳ್ಳು ಬೇರೆ ಇರಲಾರದು. ಹತ್ತು ಮಕ್ಕಳ ದನಿಯಲ್ಲಿ ಮೂವತ್ತು ಮಕ್ಕಳು ಅಡಗಿಕೊಂಡಿರುತ್ತಾರೆ. ಪಳಗಿದವರು ಈ ಪ್ರಶ್ನೆಯನ್ನೇ ಬಿಟ್ಟಿರುತ್ತಾರೆ. ‘ಎಲ್ಲರೂ ಉತ್ತರ ಬರೆದು ಸ್ಲೇಟು ಎತ್ತಿ ಹಿಡೀರಿ’ ಎಂದರೆ ಒಂದೇ ನೋಟಕ್ಕೆ ನಲವತ್ತು ಉತ್ತರ ಕಾಣುತ್ತದೆ. ಯಾವ ಮೂಲೆ ಎಡವಿದೆ ಎಂದೂ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ಇನ್ನೊಂದು ಕಲೆ. ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳುತ್ತಾ ಕುಳಿತರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಎಂದು ತಿಳಿಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಎಂದೂ ಬಾಯಿ ಬಿಡದವರೂ ಮಾತಾಡಿದರು. ಮನಸ್ಸಿನಲ್ಲೇ ಲಂಬಾಣಿಯಿಂದ ಕನ್ನಡಕ್ಕೆ ದಾಟಿಸಿಕೊಂಡು ಮಾತಾಡಬೇಕಾದ ಮಗುವಿಗೆ ಆ ಎರಡು ಸೆಕೆಂಡು ಎಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೆಂಪು ಶಾಯಿಯ ವಿಚಾರ. ಮನೆಗೆ ಬಂದ ಉತ್ತರ ಪತ್ರಿಕೆಯಲ್ಲಿ ಅಪ್ಪ ಅಮ್ಮ ಮೊದಲು ಹುಡುಕುವುದು ಅಂಕ, ಮಕ್ಕಳೂ ಅಷ್ಟೆ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಟಿಪ್ಪಣಿ ಮಾತ್ರ, ಉಳಿದವರಿಗೆ ಎರಡನ್ನೂ ಕೊಟ್ಟು ನೋಡಿದರು. ಸುಧಾರಿಸಿದ್ದು ಬರೀ ಟಿಪ್ಪಣಿ ಪಡೆದವರು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಂತೆಯೇ ಉಳಿದರು. ಪಕ್ಕದಲ್ಲಿ ಅಂಕವಿದ್ದರೆ ಟಿಪ್ಪಣಿಯನ್ನು ಓದುವವರು ಯಾರು? ಟಿಪ್ಪಣಿಯಲ್ಲೂ ಜಾತಿಗಳಿವೆ. ‘ಉತ್ತಮ’, ‘ಇನ್ನೂ ಚೆನ್ನಾಗಿ ಬರೆ’ ಎಂಬವು ಮಗುವಿಗೆ ಏನನ್ನೂ ಹೇಳುವುದಿಲ್ಲ. ‘ಕೆರೆ ಬತ್ತಿತು ಅಂತ ಬರೆದಿದ್ದೀಯ, ಯಾಕೆ ಬತ್ತಿತು?’ ಎಂಬುದು ಪೆನ್ಸಿಲನ್ನು ಮತ್ತೆ ಕೈಗೆ ಕೊಡುತ್ತದೆ. ಲಂಡನ್ನಿನ ಪಾಲ್ ಬ್ಲ್ಯಾಕ್ ಮತ್ತು ಡಿಲನ್ ವಿಲಿಯಂ 1998ರಲ್ಲಿ ಸುಮಾರು 250 ಅಧ್ಯಯನಗಳನ್ನು ಜಾಲಾಡಿ, ಪಾಠದ ನಡುವೆಯೇ ನಡೆಯುವ ಇಂಥ ಪರಿಶೀಲನೆ ಕಲಿಕೆಯನ್ನು ಮೇಲೆತ್ತುತ್ತದೆ ಎಂದರು. ಹೆಚ್ಚು ಲಾಭವಾಗುವುದು ಹಿಂದೆ ಬಿದ್ದ ಮಕ್ಕಳಿಗೆ ಎಂದೂ ಹೇಳಿದರು.

ಇದನ್ನೇ ಕಾನೂನು ಕೂಡ ಬಯಸಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಮಗುವಿನ ತಿಳಿವಳಿಕೆಯನ್ನು ನಿರಂತರವಾಗಿ, ವ್ಯಾಪಕವಾಗಿ ಅಳೆಯಬೇಕು ಎಂದಿತು. ಶಾಲೆಗಳಲ್ಲಿ ಅದು ಸಿಸಿಇ ಎಂಬ ಮೂರಕ್ಷರವಾಯಿತು. ವರ್ಷಕ್ಕೆ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ. ಹೆಸರೇ ನಾಲಿಗೆಗೆ ಒಗ್ಗದೆ ಶಿಕ್ಷಕರು ಎಫ್‌ಎ, ಎಸ್‌ಎ ಎನ್ನತೊಡಗಿದರು. ಅಂದಂದಿಗೆ ನಡೆಯಬೇಕಾದ ರೂಪಣಾತ್ಮಕ ಮೌಲ್ಯಮಾಪನ ಬಹಳ ಕಡೆ ಇನ್ನೂ ನಾಲ್ಕು ಕಿರುಪರೀಕ್ಷೆಗಳಾಗಿ ಕೂತುಬಿಟ್ಟಿತು. ಪ್ರಾಜೆಕ್ಟ್ ಎಂದರೆ ಪುಸ್ತಕದಂಗಡಿಯ ಚಿತ್ರದ ಹಾಳೆ ತಂದು ಕತ್ತರಿಸಿ ಅಂಟಿಸುವುದಾಯಿತು, ಅದನ್ನೂ ಅಮ್ಮನೋ ಅಕ್ಕನೋ ಅಂಟಿಸಿದ್ದು. ಇದರ ಮೇಲೆ ಇಲಾಖೆಯ ಸ್ಯಾಟ್ಸ್ ತಂತ್ರಾಂಶಕ್ಕೆ ಅಂಕ ತುಂಬುವ ಕೆಲಸ. ಮಗುವನ್ನು ನೋಡಬೇಕಾದ ಹೊತ್ತಿನಲ್ಲಿ ನೋಡಿದ್ದಕ್ಕೆ ದಾಖಲೆ ತುಂಬುತ್ತಾ ಕೂರಬೇಕು ಎಂಬ ಶಿಕ್ಷಕರ ದೂರಿನಲ್ಲಿ ಅರ್ಥವಿದೆ.

ಮತ್ತೊಂದು ಕಡೆಯಿಂದ ಪಬ್ಲಿಕ್ ಪರೀಕ್ಷೆಯ ಸೆಳೆತ. ಹಳಬರಿಗೆ ಮುಂಬೈ ಕರ್ನಾಟಕದ ಕಡೆ ‘ಮುಲ್ಕಿ ಪಾಸು’, ಮೈಸೂರು ಸೀಮೆಯಲ್ಲಿ ‘ಎಲ್.ಎಸ್. ಪಾಸು’ ಎಂದರೆ ಮರ್ಯಾದೆ. ಆ ನೆನಪು ಇನ್ನೂ ಆರಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 2019ರ ತಿದ್ದುಪಡಿ 5 ಮತ್ತು 8ನೇ ತರಗತಿಯ ಪರೀಕ್ಷೆಗೆ ದಾರಿ ತೆರೆಯಿತು. ಕರ್ನಾಟಕದಲ್ಲಿ 5, 8, 9ನೇ ತರಗತಿಗಳ ಮಂಡಳಿ ಮಟ್ಟದ ಪರೀಕ್ಷೆ ಹೈಕೋರ್ಟು, ಸುಪ್ರೀಂ ಕೋರ್ಟುಗಳ ನಡುವೆ ಓಡಾಡಿ, 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಿತ್ತು. ಎಸ್ಸೆಸ್ಸೆಲ್ಸಿಯ ಕತೆ ಇನ್ನೂ ಸ್ವಾರಸ್ಯದ್ದು. 2023ರಲ್ಲಿ ಶೇ 83.89 ಇದ್ದ ಉತ್ತೀರ್ಣತೆ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಹೆಚ್ಚುವರಿ ಕೃಪಾಂಕ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ಅಷ್ಟೊಂದು ದಡ್ಡರಾದರೇ? ಬದಲಾದದ್ದು ಅಳೆಯುವ ಕೋಲು.

ಇಲಾಖೆಯ ಪದ್ಧತಿಗಳೆಲ್ಲ ವ್ಯರ್ಥ ಎಂದೇನೂ ಅಲ್ಲ. ಜೂನ್ ತಿಂಗಳ ಸೇತುಬಂಧವನ್ನೇ ತೆಗೆದುಕೊಳ್ಳಿ. ಬೇಸಿಗೆ ರಜೆ ಮುಗಿದ ಕೂಡಲೇ ಮಗುವಿಗೆ ಹಿಂದಿನ ತರಗತಿಯದ್ದು ಎಷ್ಟು ಉಳಿದಿದೆ ಎಂದು ನೈದಾನಿಕ ಪರೀಕ್ಷೆಯಿಂದ ನೋಡಿ, ಕೊರತೆಯನ್ನು ತುಂಬಿ, ಸಾಫಲ್ಯ ಪರೀಕ್ಷೆ ಮಾಡಿ, ಆಮೇಲೆ ಹೊಸ ಪಾಠಕ್ಕೆ ಹೋಗುವುದು. ವೈದ್ಯರು ನಾಡಿ ಹಿಡಿದಂತೆ ಇದನ್ನು ಮಾಡುವವರಿದ್ದಾರೆ. ಪ್ರಶ್ನೆಪತ್ರಿಕೆ ಹಂಚಿ ಕಡತ ಕಟ್ಟಿಡುವವರೂ ಇದ್ದಾರೆ. ನಮೂನೆ ಇಬ್ಬರಿಗೂ ಒಂದೇ.

ನ್ಯಾಮತಿ ಸೀಮೆಯ ಶಾಲೆಗಳಿಗೆ ಖರ್ಚಿಲ್ಲದೆ ಸಿಗುವ ಒಂದು ಪ್ರಶ್ನೆಪತ್ರಿಕೆಯೂ ಇದೆ. ಅದು ಮೆಕ್ಕೆಜೋಳದ ತೆನೆ. ಕಟಾವಿನ ಹೊತ್ತಿಗೆ ‘ನಾಳೆ ಮನೆಯಿಂದ ಒಂದೊಂದು ತೆನೆ ತನ್ನಿ’ ಎಂದರೆ ಸಾಕು, ಮೂಟೆಯೇ ಬಂದು ಬೀಳುತ್ತದೆ. ಸುತ್ತಲೂ ಎಷ್ಟು ಸಾಲು ಕಾಳಿದೆ, ಎಣಿಸಿ. ಒಬ್ಬರದು ಹನ್ನೆರಡು, ಒಬ್ಬರದು ಹದಿನಾಲ್ಕು, ಇನ್ನೊಬ್ಬರದು ಹದಿನಾರು. ಬೋರ್ಡಿನ ಮೇಲೆ ಬರೆಯುತ್ತಾ ಹೋದರೆ ಬೆಸ ಸಂಖ್ಯೆ ಬರುವುದೇ ಇಲ್ಲ. ತೆನೆಯಲ್ಲಿ ಹೂವಿನ ಮೊಳಕೆ ಎರಡಾಗಿ ಒಡೆದು ಜೋಡಿ ಜೋಡಿಯಾಗಿ ಬೆಳೆಯುವುದರಿಂದ ಸಾಲುಗಳು ಸಮ ಸಂಖ್ಯೆಯಲ್ಲೇ ಇರುತ್ತವೆ. ಯಾರಾದರೂ ‘ಹದಿಮೂರು’ ಎಂದರೆ ಶಿಕ್ಷಕಿ ತಪ್ಪು ಎನ್ನುವುದಿಲ್ಲ. ‘ಮತ್ತೊಂದ್ಸಲ ಎಣಿಸು ನೋಡಣ, ಶುರು ಮಾಡಿದ ಸಾಲಿಗೆ ಮಸಿ ಹಚ್ಕೋ’ ಎನ್ನುತ್ತಾರೆ.

ನಿಜವಾದ ಪರೀಕ್ಷೆ ಅದರಾಚೆಗಿದೆ. ತೆನೆಯಲ್ಲಿ ಒಟ್ಟು ಎಷ್ಟು ಕಾಳು? ಪ್ರಶ್ನೆ ಹಾಕಿ ಶಿಕ್ಷಕಿ ಕೈಕಟ್ಟಿ ಓಡಾಡುತ್ತಾರೆ, ಉತ್ತರಕ್ಕಿಂತ ಹೆಚ್ಚಾಗಿ ಬೆರಳುಗಳನ್ನು ನೋಡುತ್ತಾರೆ. ಒಬ್ಬ ಒಂದು, ಎರಡು, ಮೂರು ಎಂದು ಹೊರಟು ಅರವತ್ತರ ಹತ್ತಿರ ಲೆಕ್ಕ ತಪ್ಪಿಸಿಕೊಳ್ಳುತ್ತಾನೆ. ಒಬ್ಬಳು ಕಾಳು ಬಿಡಿಸಿ ಹತ್ತರ ಗುಡ್ಡೆ ಮಾಡುತ್ತಾಳೆ. ಮತ್ತೊಬ್ಬಳು ಒಂದೇ ಸಾಲು ಎಣಿಸಿ ಮೂವತ್ತಾರು ಎಂದು ಬರೆದು, ಹದಿನಾಲ್ಕರಿಂದ ಗುಣಿಸಿ 504 ಎನ್ನುತ್ತಾಳೆ. ಹಿಂದಿನ ಸಾಲಿನ ಹುಡುಗ ಅದನ್ನು ಒಪ್ಪುವುದಿಲ್ಲ. ತುದಿಯಲ್ಲಿ ಕಾಳು ಕಟ್ಟಿಲ್ಲ, ಎಲ್ಲ ಸಾಲಲ್ಲೂ ಮೂವತ್ತಾರು ಎಲ್ಲಿರುತ್ತೆ ಮಿಸ್, ಕಮ್ಮಿನೇ ಬರುತ್ತೆ ಎನ್ನುತ್ತಾನೆ. ಅಂಕಪಟ್ಟಿಯಲ್ಲಿ ಈ ಹುಡುಗ ಗಣಿತದಲ್ಲಿ ಹಿಂದೆ ಇರಬಹುದು. ಅಪ್ಪನ ಜೊತೆ ಹೊಲದಲ್ಲಿ ಇಳುವರಿಯ ಮಾತು ಕೇಳುತ್ತಾ ಬೆಳೆದವನಿಗೆ ಅಂದಾಜು ಎಂದರೇನೆಂದು ಗೊತ್ತು. ಯಾವ ಎಫ್‌ಎಯೂ ಅವನನ್ನು ಅದರ ಬಗ್ಗೆ ಕೇಳಿರಲಿಲ್ಲ.

ಬಿಸಿಯೂಟದ ಗಂಟೆ ಹೊಡೆದು ಮಕ್ಕಳು ತಟ್ಟೆ ತೊಳೆಯಲು ಓಡುತ್ತಾರೆ. ಮೇಜಿನ ಮೇಲೆ, ನೆಲದ ಮೇಲೆ ಕಾಳು ಚೆಲ್ಲಾಡಿದೆ. ಶಿಕ್ಷಕಿ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಮೂರು ಹೆಸರು ಬರೆದುಕೊಳ್ಳುತ್ತಾರೆ. ಒಂದರ ಮುಂದೆ ‘ಹತ್ತರ ಗುಂಪು’, ಇನ್ನೊಂದರ ಮುಂದೆ ‘ಗುಣಾಕಾರ ಗೊತ್ತು, ಮುಂದಕ್ಕೆ’, ಮೂರನೆಯದರ ಮುಂದೆ ಬರೀ ‘ಅಂದಾಜು, ನಾಳೆ ಇವನಿಂದಲೇ ಶುರು’.