ಹಿತ್ತಲಿನಲ್ಲಿ ನಾಲ್ಕು ಅಪರೂಪದ ಮರ

ನಮ್ಮ ಮನೆಯ ಕೆಳಗಿನ ಹಳ್ಳದ ದಂಡೆಯಲ್ಲಿ ಒಂದು ಜೀರಿಗೆ ಮಿಡಿಯ ಮರವಿತ್ತು. ಮಿಡಿ ಮುರಿದರೆ ಸೊನೆಗೆ ಜೀರಿಗೆಯ ಪರಿಮಳ. ಉಪ್ಪಿನಕಾಯಿ ಹಾಕಿ ಮೂರು ವರ್ಷವಾದರೂ ಮಿಡಿ ಮೆತ್ತಗಾಗುತ್ತಿರಲಿಲ್ಲ. 2019ರ ಆಗಸ್ಟ್ ಮಳೆಗೆ ದಂಡೆ ಕುಸಿದು ಮರ ಉರುಳಿತು. ಕಸಿಗೆಂದು ಒಂದು ಕಡ್ಡಿಯನ್ನಾದರೂ ನಾವು ಅದರಿಂದ ತೆಗೆದಿರಲಿಲ್ಲ. ಅದರ ಗೊರಟಿನಿಂದ ಹಿಂದೆ ಎಬ್ಬಿಸಿದ ಗಿಡವೊಂದು ಈಗ ಕಾಯಿ ಬಿಡುತ್ತಿದೆ, ಪರಿಮಳವಿಲ್ಲ. ಬೀಜದಿಂದ ಬಂದ ಮಾವು ತಾಯಿಯ ಗುಣವನ್ನೇ ತರುವುದೆಂಬ ಭರವಸೆ ಇಲ್ಲವಷ್ಟೆ.

ಕಾಫಿ, ಅಡಿಕೆ ಬೆಳೆಯುವ ನಾವು ತೋಟದ ಪ್ರತಿಯೊಂದು ಗಿಡಕ್ಕೂ ಲೆಕ್ಕ ಇಡುತ್ತೇವೆ. ಲೆಕ್ಕಕ್ಕೆ ಸಿಗದ ಮರಕ್ಕೆ ಅಲ್ಲಿ ಜಾಗವಿಲ್ಲ. ಆದರೆ ಮನೆಯ ಸುತ್ತಲಿನ ಐದಾರು ಗುಂಟೆಗೆ ಯಾರೂ ಇಳುವರಿ ಕೇಳುವುದಿಲ್ಲ. ಮರೆಯಾಗುತ್ತಿರುವ ನಮ್ಮ ಮರಗಳಿಗೆ ಆಶ್ರಯ ಕೊಡಬಲ್ಲ ಸ್ಥಳ ಅದೇ.

ಮೊದಲು ಜಾಗ ನೋಡಿ

ಗುಂಡಿ ತೋಡುವ ಮುನ್ನ ಒಂದು ಹಾಳೆಯಲ್ಲಿ ಮನೆ, ಬಾವಿ, ಕೊಟ್ಟಿಗೆ, ಅಂಗಳ ಇವನ್ನು ಗುರುತಿಸಿಕೊಳ್ಳಿ. ಅಡಿಕೆ, ಕಾಫಿ ಒಣಗಿಸುವ ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆದಕಾರಣ ಅಂಗಳದ ದಕ್ಷಿಣಕ್ಕೆ ಎತ್ತರದ ಮರ ಬೇಡ. ನೆರಳು ಅಂಗಳದ ಮೇಲೆಯೇ ಬೀಳುತ್ತದೆ. ಮಳೆಗಾಲದ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ ಆ ಮಗ್ಗುಲಲ್ಲಿಯೂ ಹೆಮ್ಮರ ಮಾಡಿಗೆ ಹತ್ತಿರವಿರಬಾರದು. ದೊಡ್ಡ ಮರಕ್ಕೆ ಗೋಡೆಯಿಂದ 30 ಅಡಿಯಾದರೂ ದೂರ ಬಿಡಿ. ಇಂದು ಮೊಣಕಾಲುದ್ದದ ಸಸಿಯನ್ನು ನೋಡಿ ಅಳತೆ ಮಾಡಬೇಡಿ, ಮೊಮ್ಮಕ್ಕಳ ಕಾಲದ ಮರವನ್ನು ನೆನೆದು ಅಳತೆ ಮಾಡಿ.

ಯಾವುದು ಎಲ್ಲಿ?

ಮುರುಗಲು, ಅಂದರೆ ದಕ್ಷಿಣ ಕನ್ನಡದವರ ಪುನರ್ಪುಳಿ, ಹಿತ್ತಲಿಗೆ ಹೇಳಿಸಿದ ಮರ. ಸಿಪ್ಪೆ ಸಾರಿಗೂ ಶರಬತ್ತಿಗೂ ಆಯಿತು. ಬೀಜದ ತುಪ್ಪ ಒಡೆದ ಹಿಮ್ಮಡಿಗಾಯಿತು. ಆದರೆ ಇದರಲ್ಲಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ. ಬೀಜದಿಂದ ಎಬ್ಬಿಸಿದ ಐದು ಗಿಡ ನೆಟ್ಟು ಎಂಟು ವರ್ಷ ಕಾದೆ, ಮೂರು ಗಂಡಾದವು. ಹೆಣ್ಣು ಮರದ, ನೇರವಾಗಿ ಮೇಲೆದ್ದ ಚಿಗುರಿನಿಂದ ಕಟ್ಟಿದ ಕಸಿ ಗಿಡವನ್ನೇ ಕೇಳಿ ತನ್ನಿ. ಅಡ್ಡ ರೆಂಬೆಯ ಕಡ್ಡಿಯಿಂದಾದ ಕಸಿ ಪೊದೆಯಂತೆ ಅಡ್ಡಕ್ಕೇ ಹರಡುತ್ತದೆ. ಇದರ ಸೋದರಿ ಉಪ್ಪಾಗೆಯೂ ಇದೇ ಸ್ವಭಾವದ್ದು; ಕೊಡಗಿನ ಕಾಚಂಪುಳಿ ಆಗುವುದು ಅದರ ಹಣ್ಣಿನಿಂದಲೇ.

ಅಶೋಕವೆಂದರೆ ಗೇಟಿನ ಬಳಿ ಕಂಬದಂತೆ ನಿಲ್ಲುವ ಉದ್ದನೆಯ ಮರವೆಂದು ಅನೇಕರ ಎಣಿಕೆ. ಅದು ಬೇರೆಯೇ ಜಾತಿ. ನಿಜವಾದ ಸೀತಾ ಅಶೋಕ ಕಾಂಡದ ಮೇಲೂ ಕಿತ್ತಳೆ ಕೆಂಪಿನ ಗೊಂಚಲು ಬಿಡುತ್ತದೆ. ಔಷಧಿಗೆಂದು ತೊಗಟೆ ಸುಲಿದು ಸುಲಿದು ಕಾಡಿನಲ್ಲಿ ಇದು ವಿರಳವಾಗಿದೆ. ತೇವ ಆರದ, ಅರೆನೆರಳಿನ ಮೂಲೆ ಇದಕ್ಕೆ ಒಗ್ಗುತ್ತದೆ.

ಸುರಗಿಗೆ ದೂರದ ಮೂಲೆ ಸಾಕು. ಪರಿಮಳ ತಾನಾಗಿ ಮನೆಗೆ ಬರುತ್ತದೆ. ಹೂ ಒಣಗಿದ ಮೇಲೂ ಕಂಪು ಉಳಿಯುವುದು ಇದರ ವಿಶೇಷ.

ಗಿಡಗಳ ಪೈಕಿ ಬಿಸಿಲು ಬೀಳುವ ಒಣ ಬೇಲಿಗೆ ಕವಳಿ ಹಾಕಿ. ಮುಳ್ಳು ದನವನ್ನು ತಡೆಯುತ್ತದೆ, ಎಳೆಗಾಯಿ ಉಪ್ಪಿನಕಾಯಿಗೆ ಆಗುತ್ತದೆ. ಮರಗಳ ಅಂಚಿಗೆ ಕೇಪಳ ಬರುತ್ತದೆ; ಹೂ ದೇವರಿಗೆ, ಹಣ್ಣು ಮಕ್ಕಳಿಗೆ.

ಮುರುಗಲು, ಉಪ್ಪಾಗೆಗಳ ಬೀಜ ಒಣಗಿಸಿಟ್ಟರೆ ಕೆಡುತ್ತದೆ. ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಬೇಕು. ಮೊದಲ ಮಳೆ ಬಿದ್ದು ನೆಲ ನೆನೆದ ಮೇಲೆ, 2 ಅಡಿ ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಿ. ಮೊದಲ ಎರಡು ಬೇಸಿಗೆ ನೀರು, ಬುಡಕ್ಕೆ ದರಕು ತಪ್ಪಿಸಬೇಡಿ.

ನಾಲ್ಕನೆಯ ಮರ ಯಾವುದೆಂದು ನಾನು ಹೇಳುವುದಿಲ್ಲ. ಅದು ನಿಮ್ಮ ಹಳ್ಳದ ದಂಡೆಯಲ್ಲೋ ಗದ್ದೆಯ ಬದುವಿನಲ್ಲೋ ಒಂಟಿಯಾಗಿ ನಿಂತಿರಬಹುದು. ಅಜ್ಜಿ ಹೆಸರಿಟ್ಟು ಕರೆಯುತ್ತಿದ್ದ ಮಿಡಿ ಮಾವು, ಊರಿಗೇ ಗೊತ್ತಿರುವ ಒಂದು ಹಲಸು. ಬರುವ ಮಳೆಗಾಲದೊಳಗೆ ಅದರ ಕಸಿಯೊಂದನ್ನು ಹಿತ್ತಲಿಗೆ ತನ್ನಿ, ಇನ್ನೊಂದನ್ನು ನೆರೆಮನೆಗೆ ಕೊಡಿ. ಒಂದು ದಂಡೆ ಕುಸಿದರೂ ಇನ್ನೊಂದು ಕಡೆ ಮರ ಉಳಿದಿರುತ್ತದೆ. ನಮ್ಮ ಮನೆಯ ಜೀರಿಗೆ ಮಿಡಿಯ ಭರಣಿ ಈಗ ಅಟ್ಟದ ಮೇಲೆ ಖಾಲಿ ಕುಳಿತಿದೆ.